ಗಟ್ಟಿ ಸದ್ದು

ಜೋಲಾರಪೇಟೆ ಕಡೆಯ ಪ್ಯಾಸೆಂಜರು ಇನ್ನೂ ಒಂದು ಗಂಟೆ ತಡ ಎಂದು ಸ್ಟೇಷನ್ನಿನ ಜವಾನ ಹೇಳಿ ಹೋದಾಗ ಕೋದಂಡಪ್ಪನಿಗೆ ಮೊದಲು ಆದದ್ದು ಸಮಾಧಾನ, ಅದರ ಬೆನ್ನಿಗೇ ಆದದ್ದು ಹೇಸಿಗೆ. ಬಂಗಾರಪೇಟೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕಂಬಳಿ ಹೊದ್ದು, ಎರಡು ಅಂಗೈಗಳನ್ನೂ ಮಂಡಿಗೆ ಊರಿ, ಮುಂದಕ್ಕೆ ಬಾಗಿ ಕೂತಿದ್ದ ಮುನಿಸ್ವಾಮಪ್ಪ ಅವನ ಹೆಂಡತಿಯ ತಮ್ಮ. ಹಾಗೆ ಕೂತರೆ ಮಾತ್ರ ಅವನಿಗೆ ಉಸಿರು ಒಳಗೆ ಹೋಗುತ್ತಿತ್ತು. ಹೋಗುವಾಗ ಹಳೆಯ ತಿದಿ ಎಳೆದಂತೆ ಒಂದು ಸದ್ದು, ಬರುವಾಗ ಇನ್ನೊಂದು, ಎರಡರ ನಡುವೆ ಒಂದು ಬಿಡುವು. ಆ ಬಿಡುವು ಕೊಂಚ ಉದ್ದವಾದಾಗಲೆಲ್ಲ ಕೋದಂಡಪ್ಪನೂ ಉಸಿರು ಹಿಡಿದು ಕಾಯುತ್ತಿದ್ದ. ಏನನ್ನು ಕಾಯುತ್ತಿದ್ದೇನೆ ಎಂದು ತನ್ನನ್ನು ತಾನು ಕೇಳಿಕೊಳ್ಳುತ್ತಿರಲಿಲ್ಲ. ಗಣಿಯ ಬಾಗಿಲಲ್ಲಿ ಇಪ್ಪತ್ತೆರಡು ವರ್ಷ ಬೇರೆಯವರ ಮೈ ಹುಡುಕಿದವನಿಗೆ ತನ್ನೊಳಗೆ ಕೈಹಾಕಿ ನೋಡುವ ಅಭ್ಯಾಸ ಎಲ್ಲಿಂದ ಬರಬೇಕು?

ಇಬ್ಬರೂ ಹೊರಟಿದ್ದು ಏರ್ಕಾಡಿಗೆ. ಸೇಲಂ ದಾಟಿ ಬಸ್ಸಿನಲ್ಲಿ ಬೆಟ್ಟ ಹತ್ತಿದರೆ ಸಿಗುವ, ಬಿಳಿಯರು ಬೇಸಿಗೆ ಕಳೆಯಲು ಹೋಗುವ, ಕೆರೆಯ ಸುತ್ತ ಬಂಗಲೆಗಳಿರುವ ಊರು. ಅಲ್ಲಿ ಒಂದು ಖಾಲಿ ಜಾಗ ಕೊಂಡು ಐದು ವರ್ಷವಾಗಿತ್ತು. ದುಡ್ಡು ಬಹುಪಾಲು ಮುನಿಸ್ವಾಮಪ್ಪನದು, ಪತ್ರ ಕೋದಂಡಪ್ಪನ ಹೆಸರಿನಲ್ಲಿ. ಅಲ್ಲೊಂದು ಗುಡಿಸಲು ಹಾಕಿಕೊಂಡು ಒಳ್ಳೆಯ ಗಾಳಿ ಕುಡಿದು ಬದುಕುತ್ತೇನೆ ಎಂಬ ಒಂದೇ ಆಸೆಯಲ್ಲಿ ಮುನಿಸ್ವಾಮಪ್ಪ ಈ ಎರಡು ವರ್ಷ ಜೀವ ಹಿಡಿದುಕೊಂಡಿದ್ದ. ಆ ಜಾಗವನ್ನು ಕೋದಂಡಪ್ಪ ಮೂರು ತಿಂಗಳ ಹಿಂದೆಯೇ ಮಾರಿಬಿಟ್ಟಿದ್ದ. ಮುನಿಸ್ವಾಮಪ್ಪನಿಗೆ ಅದು ಗೊತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಕನಕಮ್ಮನಿಗೂ ಗೊತ್ತಿರಲಿಲ್ಲ.

ಮಳೆ ನಿಲ್ಲಲಿ ಎಂದು ಕೋದಂಡಪ್ಪ ಈ ಪ್ರಯಾಣವನ್ನು ಒಂದು ತಿಂಗಳು ತಳ್ಳಿದ್ದ. ಚಳಿ ಕಳೆಯಲಿ ಎಂದು ಇನ್ನೊಂದು. ಆಮೇಲೆ ರಜೆ ಸಿಗಲಿಲ್ಲ ಎಂದ. ಗಣಿಯ ಆಸ್ಪತ್ರೆಯ ಡಾಕ್ಟರು ಅವನೊಬ್ಬನನ್ನೇ ಪಕ್ಕಕ್ಕೆ ಕರೆದು, ಈ ತಿಂಗಳು ದಾಟಿದರೆ ಹೆಚ್ಚು ಎಂದಿದ್ದು ಅವನ ಬಳಿ ಉಳಿದಿದ್ದ ಒಂದೇ ಭರವಸೆ. ಹಾಗೆಂದು ಒಪ್ಪಿಕೊಳ್ಳಲು ಅವನಿಗೆ ಧೈರ್ಯವಿರಲಿಲ್ಲ. ಆದರೆ ಡಾಕ್ಟರ ಆ ಮಾತನ್ನು ದಿನಕ್ಕೆ ನಾಲ್ಕು ಸಲವಾದರೂ ನೆನೆಯುತ್ತಿದ್ದ. ಮೊನ್ನೆ ರಾಗಿ ಬೀಸುತ್ತಿದ್ದ ಕನಕಮ್ಮ ಕಲ್ಲು ನಿಲ್ಲಿಸಿ, ಮುಖ ಎತ್ತದೆಯೇ ಹೇಳಿದ್ದಳು: "ನಿನ್ ಕೈಲಿ ಆಗಲ್ಲಾಂದ್ರೆ ಬುಡು. ನಾನೇ ನನ್ ತಮ್ಮುನ್ನ ಬೆನ್ ಮ್ಯಾಲೆ ಒತ್ಕಂಡ್ ಓಯ್ತೀನಿ. ಆ ಜಾಗ ಎಲ್ಲೈತೆ ಅಂತ ದಾರೀಲಿ ಯಾರನ್ನಾರ ಕೇಳ್ಕಂಡ್ರಾಯ್ತು." ಯಾರನ್ನಾದರೂ ಕೇಳಿದರೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಹೊರಟ. ಬೆಳಿಗ್ಗೆ ಉರಿಗಾಂ ಸ್ಟೇಷನ್ನಿನಲ್ಲಿ ಗಣಿಯ ರೈಲು ಹತ್ತುವಾಗ, ಇವನು ಬಂಗಾರಪೇಟೆ ತಲುಪುವುದೇ ಕಷ್ಟ ಎಂದು ಯಾರೋ ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ಅಂದವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ನಂದಿದುರ್ಗ ಎಂಬ ಚಿನ್ನದ ಗಣಿಯ ಬಾಯಿಯ ಪಕ್ಕದಲ್ಲಿ ತಗಡು ಹೊದಿಸಿದ ಒಂದು ಉದ್ದನೆಯ ಕೊಟ್ಟಿಗೆ ಇತ್ತು. ಸರ್ಚು ಕೊಟ್ಟಿಗೆ ಎಂದೇ ಹೆಸರು. ಕೆಳಗಿನಿಂದ ಬಂದವರೆಲ್ಲ ಅದರ ಮೂಲಕವೇ ಮನೆಗೆ ಹೋಗಬೇಕು. ಕೈ ಎತ್ತು, ಜುಟ್ಟು ಬಿಚ್ಚು, ಬಾಯಿ ತೆಗೆ, ನಾಲಿಗೆ ಎತ್ತು. ಕಂಕುಳಿಂದ ಹಿಡಿದು ಪಕ್ಕೆ, ಸೊಂಟ, ತೊಡೆಯ ಸಂದು, ಹಿಮ್ಮಡಿ. ಬುತ್ತಿಯ ಗಂಟಿನಲ್ಲಿ ಮುದ್ದೆ ಉಳಿದಿದ್ದರೆ ಅದನ್ನೂ ಮುರಿದು ನೋಡಬೇಕು. ಕಡಲೆಕಾಳಿನಷ್ಟು ಚಿನ್ನದ ಕಲ್ಲನ್ನು ಹಿಟ್ಟಿನಲ್ಲಿ ಹುದುಗಿಸಿಟ್ಟವರಿದ್ದರು. ಅಲ್ಲಿ ಹುಡುಕುವವರಲ್ಲಿ ಕೋದಂಡಪ್ಪನ ಕೈಗೆ ಒಳ್ಳೆಯ ಹೆಸರಿತ್ತು. ಆ ಕೈ ಬಂದರೆ ಗಣಿ ಕೂಲಿಗಳ ಸಾಲುಮನೆಗಳಾದ ಲೈನಿನ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು ಎನ್ನುವುದೂ ನಿಜ. ಒಂದು ಸಂಜೆ ಗಣಿಯ ದೊರೆ ಬಾಗಿಲಲ್ಲಿ ನಿಂತು, ಸಾಲಿನಲ್ಲಿದ್ದ ಮುನಿಸ್ವಾಮಪ್ಪನನ್ನು ತೋರಿಸಿ, ಅವನು ನಿನ್ನ ಭಾವಮೈದನಂತಲ್ಲ ಎಂದು ನಗುತ್ತಾ ಕೇಳಿದ್ದ. ಅಷ್ಟೇ ಕೇಳಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ, ಕೋದಂಡಪ್ಪ ಅವತ್ತು ಎಲ್ಲರೆದುರಿಗೆ ಮುನಿಸ್ವಾಮಪ್ಪನ ಲಂಗೋಟಿ ಬಿಚ್ಚಿಸಿ ನಿಲ್ಲಿಸಿದ. ಅವತ್ತಿನಿಂದ ಪ್ರತಿದಿನವೂ ನಿಲ್ಲಿಸಿದ. ಮುನಿಸ್ವಾಮಪ್ಪ ಮೊದಲ ದಿನ ರಾತ್ರಿಯೇ ಅಕ್ಕನ ಮನೆಗೆ ಬಂದು, ಬಾವನ ಪಕ್ಕದಲ್ಲೇ ಕೂತು, ಸಾರು ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡು ಉಂಡ. ಅವನ ಹೆಂಡತಿ ಮದುವೆಯಾದ ಮೂರನೇ ವರ್ಷಕ್ಕೇ ತೀರಿಕೊಂಡಿದ್ದಳು. ಬುತ್ತಿ ಕಟ್ಟಿಕೊಡುತ್ತಿದ್ದವಳು ಕನಕಮ್ಮ. ಆ ಬುತ್ತಿಯೊಂದನ್ನು ಮಾತ್ರ ಕೋದಂಡಪ್ಪ ಬಿಚ್ಚಿ ನೋಡಿ ಹಾಗೇ ಕಟ್ಟಿಬಿಡುತ್ತಿದ್ದ. ತಾನು ಮಧ್ಯಾಹ್ನ ಉಂಡದ್ದೂ ಅದೇ ಮಡಕೆಯ ಮುದ್ದೆ. ಅದನ್ನು ಮುರಿಯಲು ಕೈ ಬರುತ್ತಿರಲಿಲ್ಲ.

"ಬಾವಾ, ಅಗೋ, ಆ ಎಂಚಿನ ಮನೆ ನೋಡ್ದಾ?" ಮುನಿಸ್ವಾಮಪ್ಪ ಗದ್ದದಿಂದಲೇ ತೋರಿಸಿದ. ಹಳಿಗಳ ಆಚೆ, ಗೂಡ್ಸು ಶೆಡ್ಡಿನ ಹಿಂದೆ, ಹೊಸದಾಗಿ ಸುಣ್ಣ ಬಳಿದ ಒಂದು ಹೆಂಚಿನ ಮನೆ. "ಯಾರೋ ಪಾಪ, ಇಂಜಿನ್ ಒಗೆ ಎಲ್ಲಾ ಅವ್ರ ಬಾಗ್ಲಿಗೇ ನುಗ್ತದೆ. ದುಡ್ ಕೊಟ್ಟು ಒಗೆ ತಕಂಡವ್ನೆ ನೋಡು." ನಗಲು ಹೋದ, ನಗು ಕೆಮ್ಮಾಯಿತು, ಕೆಮ್ಮು ನಿಲ್ಲದೆ ಹಣೆಯ ನರ ಉಬ್ಬಿತು. ಕೋದಂಡಪ್ಪ ಅವನ ಬೆನ್ನು ನೀವುತ್ತಾ ಆ ಮನೆಯ ಕಡೆ ನೋಡಲಿಲ್ಲ. ಅದು ಕೋದಂಡಪ್ಪನದೇ ಮನೆ. ಏರ್ಕಾಡಿನ ಜಾಗ ಮಾರಿ ಬಂದ ಹಣದಲ್ಲಿ ಕೊಂಡದ್ದು. ಮುಂದಿನ ವರ್ಷ ಅವನಿಗೆ ಕೆಲಸದಿಂದ ಬಿಡುಗಡೆ. ಬಿಡುಗಡೆಯಾದ ದಿನವೇ ಕಂಪನಿಯ ಮನೆ ಖಾಲಿ ಮಾಡಬೇಕು. ಗಣಿಯ ಊರಿನಲ್ಲಿ ಮೂವತ್ತು ವರ್ಷ ದುಡಿದವನಿಗೂ ಒಂದು ಮೊಳ ನೆಲ ತನ್ನದಲ್ಲ. ಮನೆಯ ಹಿಂದಿನ ಕೋಣೆಯನ್ನು ಮುನಿಸ್ವಾಮಪ್ಪನಿಗೇ ಬಿಟ್ಟುಕೊಡಬೇಕು ಎಂದುಕೊಂಡೇ ಸುಣ್ಣ ಬಳಿಸಿದ್ದ. ಆ ಕೋಣೆಯ ಕಿಟಕಿ ತೆರೆಯುವುದು ಹಳಿಗಳ ಕಡೆಗೆ. ಅದನ್ನು ಮನೆ ಕೊಳ್ಳುವ ಮೊದಲೇ ನೋಡಿದ್ದ, ನೋಡಿಯೂ ಕೊಂಡಿದ್ದ.

ಜಾಗ ಕೊಳ್ಳುವ ಹುಚ್ಚು ಹತ್ತಿಸಿದ್ದು ಟೈಂ ಆಫೀಸಿನ ಗುಮಾಸ್ತ ಅಶ್ವತ್ಥಪ್ಪ. ಬಿಳಿಯರು ಹೋಗುವ ಊರಿನಲ್ಲಿ ಖಾಲಿ ಜಾಗ ಹಿಡಿದಿಟ್ಟುಕೋ, ಬಿತ್ತುವುದು ಬೇಡ, ಕಳೆ ಕೀಳುವುದು ಬೇಡ, ನೀನು ಮಲಗಿದ್ದರೂ ಅದು ಬೆಳೆಯುತ್ತಿರುತ್ತದೆ ಎಂದಿದ್ದ. ಆ ಮಾತು ಕೋದಂಡಪ್ಪನ ತಲೆಯಲ್ಲಿ ಹುಳುವಾಯಿತು. ಕ್ಯಾಸಂಬಳ್ಳಿಯಲ್ಲಿ ಮುನಿಸ್ವಾಮಪ್ಪನಿಗೆ ಅಪ್ಪನ ಕಾಲದ ರಾಗಿ ಹೊಲವಿತ್ತು. ಅದನ್ನು ಮಾರಿಸಿದವನು ಕೋದಂಡಪ್ಪನೇ. "ಓಲ ಯಾವತ್ತೂ ಓಲವೇ ಕಣ್ಲಾ, ಅತ್ತು ವರ್ಸ ತಡ್ಕ, ಅಲ್ಲಿ ಒಂದಕ್ಕೆ ಅತ್ತು" ಎಂದು ಕೂರಿಸಿಕೊಂಡು ಹೇಳಿದ್ದ. ಮುನಿಸ್ವಾಮಪ್ಪನಿಗೆ ಒಂದಕ್ಕೆ ಹತ್ತು ಬೇಕಿರಲಿಲ್ಲ. ಅಲ್ಲಿ ನೆಲ ನಡುಗಲ್ಲ ತಾನೇ ಎಂದು ಮಾತ್ರ ಕೇಳಿದ. ಅವನು ಗಣಿಯ ಒಳಗೆ ಮರದ ದಿಮ್ಮಿ ಕೊಟ್ಟು ಮೇಲ್ಬಂಡೆಯನ್ನು ತಡೆದು ನಿಲ್ಲಿಸುವ ಕೆಲಸದವನು. ಒಳಗೆ ಎಲ್ಲೋ ಬಂಡೆ ಸಿಡಿದರೆ ಮೇಲೆ ಲೈನಿನ ಮನೆಗಳಲ್ಲಿ ಪಾತ್ರೆಗಳು ಉರುಳುತ್ತವೆ, ಹೆಂಗಸರು ಕೈಯಲ್ಲಿದ್ದದ್ದನ್ನು ಬಿಟ್ಟು ಗಣಿ ಬಾಯಿಗೆ ಓಡುತ್ತಾರೆ. ಪತ್ರ ನಿನ್ನ ಹೆಸರಲ್ಲೇ ಇರಲಿ, ನನಗೆ ಓದಲು ಬರುವುದಿಲ್ಲ, ಕಾಗದ ಇಟ್ಟುಕೊಂಡು ಏನು ಮಾಡಲಿ ಎಂದವನೂ ಅವನೇ.

ದಲ್ಲಾಳಿ ನಾಲ್ಕು ಜಾಗ ತೋರಿಸಿದ್ದ. ಮೂರರಲ್ಲಿ ಕೆಂಪು ಮಣ್ಣು, ಸಿಲ್ವರ್ ಮರಗಳ ನೆರಳು, ಹತ್ತಡಿಗೆ ನೀರು. ನಾಲ್ಕನೆಯದು ಕಣಿವೆಯ ಅಂಚಿನಲ್ಲಿ, ಬರೀ ಹಾಸುಬಂಡೆ. ಮುನಿಸ್ವಾಮಪ್ಪ ಅಲ್ಲಿ ರಸ್ತೆ ಕೆಲಸದವರಿಂದ ಒಂದು ಹಾರೆ ಇಸಕೊಂಡು ನಾಲ್ಕು ಜಾಗವನ್ನೂ ತಟ್ಟಿ ನೋಡಿದ. ಗಣಿಯ ಒಳಗೆ ಕಾಲಿಟ್ಟಲ್ಲೆಲ್ಲ ಅವನು ಮಾಡುತ್ತಿದ್ದುದು ಅದನ್ನೇ: ತಟ್ಟು, ಕೇಳು. ಗಣ್ ಎಂದರೆ ಬಂಡೆ ಗಟ್ಟಿ, ಬದುಕುತ್ತೀಯ. ಡಬ್ ಎಂದರೆ ಒಳಗೆ ಬಿರುಕಿದೆ, ಓಡು. ಮಣ್ಣಿನ ಜಾಗಗಳಲ್ಲಿ ಹಾರೆ ಸದ್ದೇ ಮಾಡಲಿಲ್ಲ. ಹಾಸುಬಂಡೆಯ ಮೇಲೆ ಬಿದ್ದಾಗ ಅದು ಗುಡಿಯ ಗಂಟೆಯ ಹಾಗೆ ಮೊಳಗಿತು. "ಇದೇ ಬಾವಾ, ಸದ್ದು ಗಟ್ಟಿ ಐತೆ. ಇದು ಬೀಳಲ್ಲ" ಎನ್ನುವಾಗ ಮುನಿಸ್ವಾಮಪ್ಪನ ಕಣ್ಣಲ್ಲಿ ನೀರು ಬಂತು. ಅಲ್ಲಿ ಬಾವಿ ತೋಡಲಾಗುವುದಿಲ್ಲ, ಒಂದು ಬಾಳೆಗಿಡವೂ ಏಳುವುದಿಲ್ಲ, ಎಷ್ಟೋ ವರ್ಷದಿಂದ ಅದನ್ನು ಯಾರೂ ಮುಟ್ಟಿಲ್ಲ ಎಂದು ದಲ್ಲಾಳಿಯೇ ಪಾಪವೆನಿಸಿ ಹೇಳಿದ. ಬೆಟ್ಟದ ಮೇಲೆ, ತಲೆಯ ಮೇಲೆ ಆಕಾಶ ಬಿಟ್ಟು ಇನ್ನೇನೂ ಇಲ್ಲದ ಜಾಗದಲ್ಲಿ, ಬಂಡೆ ಬೀಳುವ ಭಯದಿಂದ ಬಂಡೆಯನ್ನೇ ಕೊಂಡವರು ನಾವಿಬ್ಬರೇ ಇರಬೇಕು ಎಂದು ಕೋದಂಡಪ್ಪ ಎಷ್ಟೋ ಸಲ ತನ್ನಷ್ಟಕ್ಕೆ ನಕ್ಕಿದ್ದಾನೆ. ಆದರೆ ಅವತ್ತು ಅವನೂ ಆ ಸದ್ದು ಕೇಳಿ ತಲೆದೂಗಿದ್ದ. ಅವನೂ ನೆಲ ನಡುಗುವ ಅದೇ ಊರಿನವನು.

ಅದೇ ಬಂಡೆ ಕೊನೆಗೆ ಬೆಲೆ ತಂದದ್ದು ದೊಡ್ಡ ತಮಾಷೆ. ಮದರಾಸಿನ ವಕೀಲರೊಬ್ಬರು ಅದರ ಅಂಚಿನಲ್ಲಿ ಎರಡು ನಿಮಿಷ ನಿಂತು, ಕೆಳಗೆ ಕಣಿವೆಯಲ್ಲಿ ಮಂಜು ಸರಿಯುವುದನ್ನು ನೋಡಿ, ಕೇಳಿದಷ್ಟು ಕೊಟ್ಟರು. ಬಾವಿಯ ಬಗ್ಗೆ ಕೇಳಲಿಲ್ಲ, ಮಣ್ಣಿನ ಬಗ್ಗೆ ಕೇಳಲಿಲ್ಲ. ನೋಡುವುದಕ್ಕೆ ಇಷ್ಟು ದುಡ್ಡು ಕೊಡುವವರಿದ್ದಾರೆಯೇ ಎಂದು ಕೋದಂಡಪ್ಪ ಬೆಪ್ಪಾದ. ಅಲ್ಲಿ ಗುಡಿಸಲು ಎದ್ದಿದ್ದರೆ ವಕೀಲರು ತಿರುಗಿಯೂ ನೋಡುತ್ತಿರಲಿಲ್ಲ; ಗುಡಿಸಲು ಹಾಕಿದರೆ ಬೆಲೆ ಬೀಳುತ್ತದೆ ಎಂದು ಅಶ್ವತ್ಥಪ್ಪ ಮೊದಲೇ ಹೇಳಿದ್ದ. ಅದಕ್ಕೇ, ಕೆಲಸ ಬಿಟ್ಟು ಎದೆ ಒತ್ತಿಕೊಂಡು ಮನೆಯಲ್ಲಿ ಕೂತ ಮುನಿಸ್ವಾಮಪ್ಪ ಗುಡಿಸಲಿನ ಮಾತೆತ್ತಿದಾಗಲೆಲ್ಲ ಅವನು ಏನಾದರೊಂದು ನೆವ ಹೇಳಿದ್ದು. ಬೇಲಿಯೇ ಎದ್ದು ಹೊಲ ಮೇಯ್ದರೆ ಅಂತ ಊರಿನಲ್ಲಿ ಗಾದೆಯಿದೆ. ನೆಂಟರ ಮದುವೆಗೆ ಎಂದು ಹೇಳಿ ಹೋಗಿ, ಸೇಲಂನ ರಿಜಿಸ್ಟ್ರಿ ಆಫೀಸಿನಲ್ಲಿ ರುಜು ಹಾಕಿದ. ವಾಪಸು ಬಂದ ಮೇಲೆ, ಮದುವೆ ಹೇಗಾಯ್ತು ಎಂದು ಕನಕಮ್ಮ ಕೇಳಿದಾಗ, ಹೋಳಿಗೆ ಚೆನ್ನಾಗಿತ್ತು ಎಂದ.

ಈಗ ಹೇಳಿಬಿಡಬೇಕು. ಟಿಕೆಟ್ಟು ಹರಿದು, ಎದುರಿಗಿರುವ ಹೆಂಚಿನ ಮನೆ ತೋರಿಸಿ, ನಡಿ ಅಲ್ಲಿಗೇ ಹೋಗೋಣ ಎಂದುಬಿಡಬೇಕು. "ಮುನಿಸ್ವಾಮಿ" ಎಂದ ಕೋದಂಡಪ್ಪ. "ಆ ಜಾಗ ಐತಲ್ಲ..."

"ಗೊತ್ತು ಕಣ್ ಬಾವಾ, ನೀರಿಲ್ಲ ಅಂತೀಯ." ಮುನಿಸ್ವಾಮಪ್ಪ ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಂಡ. "ಕೆಳಗೆ ಕೆರೆ ಐತೆ. ದಿನಕ್ ಒಂದು ಕೊಡ ಒತ್ಕಂಬರಾಕೆ ಯಾರಾನ ಸಿಕ್ತಾರೆ. ನಾನೊಬ್ನು ಎಷ್ಟ್ ನೀರು ಕುಡಿತೀನಿ?" ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡು, "ನೀನೂ ಅಕ್ಕನೂ ಅಲ್ಲಿಗೇ ಬಂದ್ಬುಡಿ, ನಿನ್ ಕೆಲ್ಸ ಮುಗುದ್ ಮ್ಯಾಲೆ. ಕಂಪನಿ ಮನೆ ಬುಡ್ಸಿದ್ರೆ ನೀನಾದ್ರೂ ಎಲ್ಲಿಗ್ ಓಯ್ತೀಯ?" ಎಂದ.

ಹೇಳಬೇಕಾದ ಮಾತು ಕೋದಂಡಪ್ಪನ ಬಾಯಿಂದ ಹೊಟ್ಟೆಗೆ ಇಳಿದುಹೋಯಿತು. ಅವನಿಗೆ ಒಮ್ಮೆಲೇ ಈ ಮನುಷ್ಯನ ಮೇಲೆ ಕೋಪ ಬಂತು. ಬೈದಿದ್ದರೆ, ಒಂದೇ ಒಂದು ಸಲ ಆ ಕೊಟ್ಟಿಗೆಯ ವಿಷಯ ಎತ್ತಿ ಉಗಿದಿದ್ದರೆ, ಹೇಳುವುದು ಎಷ್ಟು ಸುಲಭವಾಗುತ್ತಿತ್ತು! ಒಳ್ಳೆಯವರ ಕೈಗೆ ಸಿಕ್ಕಿಬಿದ್ದವನಿಗೆ ಬಿಡುಗಡೆಯಿಲ್ಲ. ಅಷ್ಟರಲ್ಲಿ ಗಂಟೆ ಹೊಡೆದರು. ದೂರದಲ್ಲಿ ಹೊಗೆ ಕಂಡಿತು. ಪ್ಯಾಸೆಂಜರು ಬಂದು ನಿಂತಾಗ ಅದರ ಹೊಗೆಯೆಲ್ಲ ಸುಣ್ಣ ಬಳಿದ ಗೋಡೆಯ ಕಡೆಗೇ ಹೋಯಿತು.

ಬೋಗಿಯ ಮೆಟ್ಟಿಲು ಎತ್ತರವಿತ್ತು. ಕೋದಂಡಪ್ಪ ಎತ್ತಿ ಹತ್ತಿಸಬೇಕಾಯಿತು. "ಕೈ ಎತ್ತು" ಎಂದ. ಅಂದ ಮೇಲೆ ತಾನು ಏನಂದೆ ಎಂದು ಅವನಿಗೇ ಕೇಳಿಸಿತು. ಮುನಿಸ್ವಾಮಪ್ಪ ಬೋಗಿಯ ಬಾಗಿಲ ಮುಂದೆ ಕಾಲು ಅಗಲಿಸಿ ನಿಂತು, ಎರಡು ಕೈಗಳನ್ನೂ ಮೇಲಕ್ಕೆತ್ತಿ, ಮುಖವನ್ನು ಒಂದು ಕಡೆಗೆ ತಿರುಗಿಸಿದ. ಕೊಟ್ಟಿಗೆಯಲ್ಲಿ ಅವರೆಲ್ಲರೂ ಹಾಗೇ ತಿರುಗಿಸುತ್ತಿದ್ದರು, ಹುಡುಕುವವನ ಉಸಿರು ಮುಖಕ್ಕೆ ತಾಗಬಾರದೆಂದು. ಕೋದಂಡಪ್ಪನ ಕೈಗಳು ಕಂಕುಳ ಕೆಳಗೆ ಹೋದವು. ಅಲ್ಲಿ ಹಿಡಿದು ಎತ್ತುವ ಬದಲು ಪಕ್ಕೆಯ ಮೇಲೆ ಇಳಿದವು, ಒಂದೊಂದೇ ಮೂಳೆಯನ್ನು ದಾಟಿ ಸೊಂಟಕ್ಕೆ ಬಂದವು. ಅವನು ಅವುಗಳನ್ನು ತಡೆಯಲಾರದೆ ನೋಡುತ್ತಿದ್ದ. ಸೊಂಟದ ಎಡಗಡೆ, ಪಂಚೆಯ ಮಡಿಕೆಯಲ್ಲಿ, ಗಟ್ಟಿಯಾದ್ದೇನೋ ಸಿಕ್ಕಿತು. ಬೆರಳುದ್ದ, ಬಟ್ಟೆ ಸುತ್ತಿದ್ದು. ಕೈ ನಿಂತಿತು.

"ಸಿಕ್ತಾ?" ಎಂದು ಮುನಿಸ್ವಾಮಪ್ಪ ಹಲ್ಲು ಬಿಟ್ಟ. "ಆಮ್ಯಾಕೆ ತೋರಿಸ್ತೀನಿ ಬಾವಾ. ಈಗ ಎತ್ತು, ರೈಲು ಓಯ್ತದೆ."

ಕೋದಂಡಪ್ಪ ಎತ್ತಿದ. ಏನೂ ಭಾರವಿರಲಿಲ್ಲ.

ರೈಲು ಬಂಗಾರಪೇಟೆ ಬಿಟ್ಟು, ಹುರುಳಿ ಕೊಯ್ದ ಹೊಲಗಳನ್ನು ದಾಟಿ, ಕಾಮಸಮುದ್ರದ ಕಡೆಯ ಕುರುಚಲು ಕಾಡಿಗೆ ಬಂದಾಗ ಕಿಟಕಿಯಿಂದ ತಣ್ಣನೆಯ ಗಾಳಿ ನುಗ್ಗಿತು. ಗಣಿಯ ಊರಿನ ಗಾಳಿಯಲ್ಲಿ, ಚಿನ್ನ ತೆಗೆದು ಸುರಿದ ಮಣ್ಣಿನ ಬೂದಿಬಣ್ಣದ ಗುಡ್ಡೆಗಳ ಧೂಳು ಸದಾ ಇರುತ್ತದೆ. ಹುಟ್ಟಿದಾಗಿನಿಂದ ಅದನ್ನು ಕುಡಿದವರಿಗೆ ಇರುವುದು ಗೊತ್ತಾಗುವುದಿಲ್ಲ, ಇಲ್ಲದಿದ್ದಾಗ ಗೊತ್ತಾಗುತ್ತದೆ. ಮುನಿಸ್ವಾಮಪ್ಪ ಕಂಬಳಿ ಸರಿಸಿ ಕಿಟಕಿಗೆ ಮುಖ ಕೊಟ್ಟ. ಕೋದಂಡಪ್ಪ ಎದುರಿಗೆ ಕೂತು ಅದೇ ಸದ್ದಿಗೆ ಕಿವಿಗೊಟ್ಟ: ಒಳಗೆ, ಬಿಡುವು, ಹೊರಗೆ. ಒಳಗೆ, ಬಿಡುವು, ಹೊರಗೆ. ಬಿಡುವು ಚಿಕ್ಕದಾಗುತ್ತಿತ್ತು. ಮೊದಲು ನಂಬಲಿಲ್ಲ, ರೈಲಿನ ಸದ್ದಿಗೆ ಹಾಗೆ ಕೇಳಿಸುತ್ತಿದೆ ಎಂದುಕೊಂಡ. ಆಮೇಲೆ ನೋಡಿದರೆ ಮುನಿಸ್ವಾಮಪ್ಪನ ಅಂಗೈಗಳು ಮಂಡಿಯ ಮೇಲೆ ಇರಲಿಲ್ಲ. ಅವನು ಬೆನ್ನನ್ನು ಹಲಗೆಗೆ ಒರಗಿಸಿ ನೆಟ್ಟಗೆ ಕೂತಿದ್ದ. ಮೂರು ತಿಂಗಳಲ್ಲಿ ಅವನು ಒರಗಿ ಕೂತದ್ದನ್ನು ಯಾರೂ ನೋಡಿರಲಿಲ್ಲ.

ಇವನು ಸಾಯುವುದಿಲ್ಲ ಎಂದು ಕೋದಂಡಪ್ಪನಿಗೆ ಹೊಳೆಯಿತು. ಬೆಳಗಿನಿಂದ ತಾನು ಕಾಯುತ್ತಿದ್ದುದು ಈ ಮನುಷ್ಯನ ಸಾವನ್ನು ಎಂಬುದೂ ಅದೇ ಗಳಿಗೆಯಲ್ಲಿ ಹೊಳೆಯಿತು. ಇವನು ಸೇಲಂ ತಲುಪುತ್ತಾನೆ, ಬಸ್ಸು ಹತ್ತುತ್ತಾನೆ, ಮೇಲೆ ಹೋದಷ್ಟೂ ಇವನ ಉಸಿರು ಸರಾಗವಾಗುತ್ತದೆ. ನಾಳೆ ಮಧ್ಯಾಹ್ನದ ಹೊತ್ತಿಗೆ ತನ್ನ ಕಾಲ ಮೇಲೆ ತಾನೇ ನಡೆದು ಆ ಬಂಡೆಯ ಹತ್ತಿರ ಹೋಗುತ್ತಾನೆ. ಅಲ್ಲಿ ವಕೀಲರ ಕಾವಲುಗಾರ ಇರುತ್ತಾನೆ.

"ತಕಾ, ನೋಡು." ಮುನಿಸ್ವಾಮಪ್ಪ ಸೊಂಟದ ಗಂಟು ಬಿಚ್ಚಿ, ಬಟ್ಟೆಯ ಸುತ್ತು ಬಿಡಿಸಿ, ಒಂದು ಚಿಲಕವನ್ನು ಅವನ ಅಂಗೈಯಲ್ಲಿಟ್ಟ. ಬೆರಳುದ್ದದ ಬಾಗಿಲ ಚಿಲಕ. ಎಣ್ಣೆ ಹಚ್ಚಿ ಉಜ್ಜಿ ಉಜ್ಜಿ ಕಪ್ಪಗೆ ಮಿರುಗುತ್ತಿತ್ತು. "ಗುಡಿಸ್ಲು ಬಾಗ್ಲಿಗೆ. ಕ್ಯಾಸಂಬಳ್ಳಿ ಕಮ್ಮಾರನ ಕೈಲಿ ಮಾಡಿಸ್ದೆ. ಉಕ್ಕು ಯಾವ್ದು ಗೊತ್ತಾ? ಬಂಡೆ ಕೊರ್ಯೋ ಡ್ರಿಲ್ ಉಕ್ಕು. ಕಂಪನೀದು."

ಕೋದಂಡಪ್ಪ ತಲೆ ಎತ್ತಿದ. "ಎಂಗ್ ತಂದೆ?"

"ನಿನ್ ಕೊಟ್ಟಿಗೇಲೇ ತಂದೆ. ನಿನ್ ಕೈ ಕೆಳಗೇ ತಂದೆ." ಮುನಿಸ್ವಾಮಪ್ಪ ಮಗುವಿನ ಹಾಗೆ ನಕ್ಕ, ಈ ಸಲ ಕೆಮ್ಮು ಬರಲಿಲ್ಲ. "ಅಕ್ಕನ್ ಮುದ್ದೆ ಒಳಗಿಟ್ಕಂಡ್ ಬಂದೆ. ಅದ್ನ ನೀನ್ ಮುರೀತಿರ್ಲಿಲ್ವಲ್ಲ. ಹದಿನೆಂಟ್ ವರ್ಸದಾಗೆ ಅದೊಂದೇ ನಾನು ಕದ್ದಿದ್ದು ಬಾವಾ. ನಿಂಗೆ ಮೋಸ ಮಾಡ್ಬುಟ್ನಲ್ಲ ಅಂತ ಎಷ್ಟೋ ದಿನ ನಿದ್ದೆ ಬರ್ಲಿಲ್ಲ ಕಣ್. ಇವತ್ತು ಏಳಿ ಮನ್ಸು ಅಗುರಾಯ್ತು."

ಚಿಲಕ ಕೋದಂಡಪ್ಪನ ಅಂಗೈಯಲ್ಲಿ ಬಿಸಿಯಾಗಿತ್ತು, ಇನ್ನೊಬ್ಬರ ಮೈಯ ಬಿಸಿ. ಅವನು ಅದನ್ನು ಹಿಂದಕ್ಕೆ ಕೊಡಲು ನೋಡಿದ. "ನಿನ್ ಹತ್ರಾನೇ ಇರ್ಲಿ" ಎಂದು ಮುನಿಸ್ವಾಮಪ್ಪ ಅವನ ಬೆರಳುಗಳನ್ನು ಅದರ ಮೇಲೆ ಮಡಿಚಿದ. ಆಮೇಲೆ ಅಂಗಿಯ ಗುಂಡಿ ಬಿಚ್ಚಿ, ಬೆರಳ ಗೆಣ್ಣಿನಿಂದ ತನ್ನ ಎದೆಯನ್ನು ಮೆಲ್ಲಗೆ ತಟ್ಟಿಕೊಂಡು, ತಲೆ ವಾಲಿಸಿ ಕೇಳಿಸಿಕೊಂಡ. ಡಾಕ್ಟರು ತಟ್ಟಿ ನೋಡಿದ ದಿನವೇ, ಇವರೂ ನಮ್ಮ ಕಸುಬಿನವರೇ ಎಂದು ಅವನು ನಕ್ಕಿದ್ದ. ಡಬ್ ಎಂದದ್ದು ಅವನಿಗೂ ಕೇಳಿಸಿತ್ತು. ಈಗ ಎರಡು ಸಲ ತಟ್ಟಿ, ಜಾಗ ಬದಲಿಸಿ ಇನ್ನೊಂದು ಸಲ ತಟ್ಟಿದ. "ಕೇಳು ಬಾವಾ. ಸದ್ದು ಬದ್ಲಾಗೈತೆ."

ಕಾಮಸಮುದ್ರ ಸ್ಟೇಷನ್ನಿನಲ್ಲಿ ರೈಲು ನಿಂತಿತು. ಇಳಿದು ಹಿಂದಿರುಗಲು ಇನ್ನೂ ಹೊತ್ತಿತ್ತು, ಹೇಳಲೂ ಹೊತ್ತಿತ್ತು. ಒಬ್ಬಳು ಸೀಬೆಹಣ್ಣಿನ ಬುಟ್ಟಿ ಹೊತ್ತು ಕಿಟಕಿಯಿಂದ ಕಿಟಕಿಗೆ ಹೋಗುತ್ತಿದ್ದಳು. ಮುನಿಸ್ವಾಮಪ್ಪ ಅವಳ ಬುಟ್ಟಿಯನ್ನೇ ನೋಡುತ್ತಿದ್ದು, ತನಗೇ ಆಶ್ಚರ್ಯವಾದವನಂತೆ ಹೇಳಿದ: "ಬಾವಾ, ನಂಗೆ ಅಸಿವಾಗ್ತೈತೆ."

ಕೋದಂಡಪ್ಪ ಕನಕಮ್ಮ ಕಟ್ಟಿಕೊಟ್ಟ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಿಚ್ಚಿದ. ಮುತ್ತುಗದ ಎಲೆಯಲ್ಲಿ ಎರಡು ಮುದ್ದೆ, ಹುರುಳಿ ಚಟ್ನಿ. ರೈಲು ಕೂಗಿ ಹೊರಟಿತು. ಅವನು ಒಂದು ಮುದ್ದೆಯನ್ನು ಎತ್ತಿಕೊಂಡು ಎರಡಾಗಿ ಮುರಿದ. ಹೆಬ್ಬೆರಳು ತಾನಾಗಿಯೇ ಒಳಗೆ ಹೋಗಿ, ಈ ಹೋಳಿನಲ್ಲಿ ಆ ಹೋಳಿನಲ್ಲಿ, ಹಿಟ್ಟನ್ನು ಒತ್ತಿ ಒತ್ತಿ ಹುಡುಕಿತು. ನಿಲ್ಲಿಸಬೇಕೆಂದು ಅವನಿಗೆ ಗೊತ್ತಾಗುತ್ತಿತ್ತು, ನಿಲ್ಲಿಸಲಾಗಲಿಲ್ಲ. ಮುನಿಸ್ವಾಮಪ್ಪ ಅದನ್ನು ನೋಡಿದ.

"ಏನೂ ಇಲ್ಲ ಬಾವಾ, ತಿನ್ಸು" ಎಂದು, ಕೊಟ್ಟಿಗೆಯಲ್ಲಿ ದಿನವೂ ತೆರೆಯುತ್ತಿದ್ದ ಹಾಗೆಯೇ, ನಾಲಿಗೆ ಮೇಲಕ್ಕೆತ್ತಿ, ಬಾಯಿಯನ್ನು ಅಗಲವಾಗಿ ತೆರೆದ.